ಗವಿ ಇಲ್ಲದ ನಾಡಿಗೆ ಗವಿಮಾನವ

ಶಾಲಾ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ ಚಾರ್ಟುಗಳ ಪೈಕಿ ‘ಆದಿಮಾನವ’ ಎಂಬುದು ಎಲ್ಲ ಊರಿನಲ್ಲೂ ಒಂದೇ. ಮೈತುಂಬ ಕೂದಲು, ಸೊಂಟಕ್ಕೆ ಚರ್ಮ, ಕೈಯಲ್ಲಿ ಈಟಿ. ಬೆನ್ನಿಗೆ ಗವಿ, ಗವಿಯ ಬಾಯಲ್ಲಿ ಬೆಂಕಿ, ಬೆಂಕಿಯ ಪಕ್ಕ ಕೂಸನ್ನೆತ್ತಿಕೊಂಡು ಗಂಡನ ದಾರಿ ಕಾಯುತ್ತಿರುವ ಹೆಂಗಸು. ದೂರದಲ್ಲಿ ಬಾಗಿದ ಕೋರೆಯ, ಜೂಲುಗೂದಲಿನ ಆನೆ. ವಿಜಯಪುರ ಜಿಲ್ಲೆಯ ಇಂಡಿಯ ಮಕ್ಕಳೂ ಇದನ್ನೇ ನೋಡುತ್ತಾರೆ, ಸಿಂದಗಿಯ ಮಕ್ಕಳೂ ಇದನ್ನೇ ನೋಡುತ್ತಾರೆ. ಆದಿಮಾನವ ಗವಿಗಳಲ್ಲಿ ವಾಸಿಸುತ್ತಿದ್ದ, ದೊಡ್ಡ ಪ್ರಾಣಿಗಳನ್ನು ಬೇಟೆಯಾಡಿ ಹಸಿ ಮಾಂಸ ತಿನ್ನುತ್ತಿದ್ದ ಎಂದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅಂಕ ಬರುತ್ತದೆ. ಮುಂದೆ ಅವರೇ ಮೇಷ್ಟ್ರಾಗಿ ಅದನ್ನೇ ಕಲಿಸುತ್ತಾರೆ.

ಈ ಚಾರ್ಟನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಒಮ್ಮೆ ಇಂಡಿಯಿಂದ ದಕ್ಷಿಣಕ್ಕೆ ಹೊರಡಬೇಕು. ಭೀಮೆಯ ದಂಡೆಯ ಎರೆ, ಸಿಂದಗಿಯ ತೊಗರಿ ಹೊಲ, ಡೋಣಿಯ ಕಣಿವೆ, ಬಸವನಬಾಗೇವಾಡಿಯ ಮಡ್ಡಿ, ಕೊನೆಗೆ ಮುದ್ದೇಬಿಹಾಳ ದಾಟಿದರೆ ಕೃಷ್ಣೆ. ಕಣ್ಣು ಹಾಯುವ ತನಕ ಬಯಲು. ಎರೆಯ ಕೆಳಗೆ ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಕಲ್ಲು, ಪದರಿನ ಮೇಲೆ ಪದರು. ಒಂದು ಸಂಸಾರ ಮಳೆಗಾಲ ಕಳೆಯುವಂಥ ಗವಿ ಎಲ್ಲಿದೆ, ತೋರಿಸಲಿ. ಚರ್ಮ ಹೊದ್ದುಕೊಳ್ಳುವಂಥ ಹಿಮ ಯಾವ ಯುಗದಲ್ಲಿ ಇಲ್ಲಿ ಬಿದ್ದಿತ್ತು, ಹೇಳಲಿ. ಆ ಜೂಲುಗೂದಲಿನ ಮ್ಯಾಮತ್ ಅಂತೂ ಕೃಷ್ಣಾ ತೀರವನ್ನು ಎಂದೂ ಕಂಡಿದ್ದಲ್ಲ. ಅದು ಸೈಬೀರಿಯಾ, ಯುರೋಪು, ಉತ್ತರ ಅಮೆರಿಕಗಳ ಚಳಿಪ್ರದೇಶದ ಪ್ರಾಣಿ. ಚಾರ್ಟಿನಲ್ಲಿರುವುದು ಫ್ರಾನ್ಸ್–ಜರ್ಮನಿಗಳ ಹಿಮಯುಗದ ಬದುಕು, ಅದೂ ಕಡೆಯ ಕೆಲವು ಸಾವಿರ ವರ್ಷಗಳದ್ದು. ಅದನ್ನು ತಂದು ಇಡೀ ಮನುಕುಲದ ಹಣೆಗೆ ಅಂಟಿಸಿದ್ದಾರೆ.

ತಪ್ಪು ಚಾರ್ಟಿನದು ಮಾತ್ರವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಓದಿದವರ ಮಾತಿನಲ್ಲೂ ಇದೇ ಚಿತ್ರ ಕೂತಿದೆ. ಮನುಷ್ಯ ಹುಟ್ಟಾ ಬೇಟೆಗಾರ, ದೊಡ್ಡ ಪ್ರಾಣಿ ಕೊಂದೇ ದೊಡ್ಡವನಾದ, ಗಂಡಸು ಹೊರಗೆ ಕೊಂದು ತಂದ, ಹೆಂಗಸು ಒಳಗೆ ಕಾದಳು, ಆ ಹಳೆಯ ರಕ್ತ ಇನ್ನೂ ನಮ್ಮೊಳಗೆ ಕುದಿಯುತ್ತಿದೆ. ಭಾಷಣಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ, ತೂಕ ಇಳಿಸುವ ಆಹಾರದ ಜಾಹೀರಾತಿನಲ್ಲಿ ಕೂಡ ಇದೇ ರಾಗ. ಈ ರಾಗಕ್ಕೆ ವಿಜಯಪುರ ಜಿಲ್ಲೆಯ ಮಗ್ಗುಲಲ್ಲೇ ಸಿಕ್ಕಿರುವ ಸಾಕ್ಷ್ಯ ತಾಳ ಹಾಕುವುದಿಲ್ಲ.

ಮುದ್ದೇಬಿಹಾಳ ಸೀಮೆಯ ತಾಳಿಕೋಟಿಯಿಂದ ಪೂರ್ವಕ್ಕೆ ಹೋದರೆ ಹುಣಸಗಿ. ಹಿಂದೆ ಸುರಪುರ ತಾಲ್ಲೂಕಿನಲ್ಲಿತ್ತು, ಈಗ ಯಾದಗಿರಿ ಜಿಲ್ಲೆಯ ತಾಲ್ಲೂಕು ಕೇಂದ್ರ. ಹುಣಸಗಿ ಮತ್ತು ಬೈಚಬಾಳ ಎಂಬ ಎರಡು ಕಣಿವೆಗಳು ಸೇರಿ ಸುಮಾರು 500 ಚದರ ಕಿಲೋಮೀಟರಿನ ಒಂದು ತಗ್ಗು. ಸುತ್ತ ಸುಣ್ಣಕಲ್ಲಿನ, ಗ್ರಾನೈಟಿನ ಸಣ್ಣ ದಿಣ್ಣೆಗಳು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದ ನಡುವಿನಿಂದ ಈ ಸೀಮೆಯ ಹೊಲ, ಹಳ್ಳಗಳನ್ನು ದಶಕಗಟ್ಟಲೆ ನಡೆದು ನೋಡಿದರು. ಅವರಿಗೆ ಕಂಡದ್ದು ಒಂದೆರಡು ನೆಲೆಯಲ್ಲ, ನೂರಾರು. ಕೈಗೊಡಲಿ, ಅಗಲ ಬಾಯಿಯ ಸೀಳುಗೊಡಲಿ, ಕಲ್ಲುಚಕ್ಕೆ ಸಿಗುವ ಹಳೆ ಶಿಲಾಯುಗದ ನೆಲೆಗಳು ಇಷ್ಟು ಒತ್ತಾಗಿ ಸಿಕ್ಕ ಜಾಗ ಭಾರತದಲ್ಲಿ ಅಪರೂಪ. ಇವುಗಳಲ್ಲಿ ಗವಿ ಒಂದೂ ಇಲ್ಲ. ಎಲ್ಲವೂ ಬಯಲಲ್ಲಿ, ಹಳ್ಳದ ಪಕ್ಕದಲ್ಲಿ, ಸೆಲೆಯ ಮಗ್ಗುಲಲ್ಲಿ.

ಅವುಗಳಲ್ಲಿ ಇಸಾಂಪುರ ಎಂಬ ಹಳ್ಳಿಯ ನೆಲೆಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಕಾಲುವೆ ಕೆಲಸಕ್ಕೆಂದು ಮೇಲಿನ ಮಣ್ಣು ತೆಗೆದಾಗ ಕೆಳಗೆ ಕಲ್ಲಿನ ಹಾಸು ಬಯಲಾಯಿತು. 1997ರಿಂದ 2001ರವರೆಗೆ ಅಲ್ಲಿ ಉತ್ಖನನ ನಡೆಯಿತು. ಒಂದೇ ಕಂದಕದಲ್ಲಿ ಸಿಕ್ಕ ಕಲ್ಲಿನ ಸಾಮಾನು ಸುಮಾರು 13,000. ಅಲ್ಲಿದ್ದುದು ಬೀಡಲ್ಲ, ಮೊದಲಿಗೆ ಅದೊಂದು ಕಲ್ಲುಗಣಿ. ಪದರು ಪದರಾಗಿ ಒಡೆಯುವ ಬಿರುಸಾದ ಸುಣ್ಣಕಲ್ಲು ಅಲ್ಲಿ ನೆಲಕ್ಕೇ ತಲೆ ಎತ್ತಿದೆ. ಬಿರುಕು ಬಿಟ್ಟ ಪದರಿನಿಂದ ಚಪ್ಪಡಿಯನ್ನು ಮೀಟಿ ಎಬ್ಬಿಸಿ, ಹೆಚ್ಚು ಗಟ್ಟಿಯಾದ ಬೇರೆ ಜಾತಿಯ ಕಲ್ಲುಗುಂಡುಗಳನ್ನು ಹೊರಗಿನಿಂದ ತಂದು ಅವುಗಳಿಂದ ಹೊಡೆದು ಆಕಾರ ಕೊಟ್ಟಿದ್ದಾರೆ. ತೆಳು ಚಪ್ಪಡಿ ಸಿಕ್ಕರೆ ಅಂಚನ್ನಷ್ಟೇ ಕೆತ್ತಿ ಕೈಗೊಡಲಿ. ದಪ್ಪ ಚಪ್ಪಡಿ ಸಿಕ್ಕರೆ ಮೊದಲು ಅದರಿಂದ ದೊಡ್ಡ ಚಕ್ಕೆ ಎಬ್ಬಿಸಿ, ಆಮೇಲೆ ಆ ಚಕ್ಕೆಯಿಂದ ಸೀಳುಗೊಡಲಿ. ಕಲ್ಲು ನೋಡಿ ಕೆಲಸದ ದಾರಿ ಬದಲಿಸುವ ಕೈ ಅದು. ಇದು ತಾಳಿಕೋಟಿ, ಶಹಾಬಾದಿನ ಪರಸಿ ಕೊಡುವ ಭೀಮಾ ಸುಣ್ಣಕಲ್ಲಿನ ಬಳಗದ್ದೇ ಕಲ್ಲು. ಮುದ್ದೇಬಿಹಾಳದ ಕಡೆ ಪಡಸಾಲೆಗೆ ಪರಸಿ ಹಾಸಿಕೊಂಡು ಅದರ ಮೇಲೆ ಕೂತವರಿಗೆ, ಇದೇ ಪದರನ್ನು ಮೀಟುವ ಕಸುಬು ಎಷ್ಟು ಹಳೆಯದೆಂದು ಯಾರೂ ಹೇಳಿಲ್ಲ.

ಎಷ್ಟು ಹಳೆಯದು? ಅಲ್ಲಿ ಸಿಕ್ಕ ಕಾಡುದನದ ಹಲ್ಲಿನ ಎನಾಮೆಲನ್ನು ಇಎಸ್‌ಆರ್ ಎಂಬ ವಿಧಾನದಿಂದ ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದರು. ಹಲ್ಲು ಮಣ್ಣಿನಿಂದ ಯುರೇನಿಯಂ ಹೀರಿಕೊಂಡ ರೀತಿಯನ್ನು ಹೇಗೆ ಊಹಿಸುತ್ತೇವೆ ಎಂಬುದರ ಮೇಲೆ ಈ ಲೆಕ್ಕ ಹಿಗ್ಗುತ್ತದೆ, ಕುಗ್ಗುತ್ತದೆ, ಹಾಗಾಗಿ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೆ ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಬೇರೆಯೇ ವಿಧಾನದಿಂದ 15 ಲಕ್ಷ ವರ್ಷದ ಲೆಕ್ಕ 2011ರಲ್ಲಿ ಬಂದ ಮೇಲೆ ಇಸಾಂಪುರದ ಸಂಖ್ಯೆ ಕೇಳಿ ಹುಬ್ಬೇರಿಸುವವರು ಕಡಿಮೆಯಾದರು. ಆ ಕೈಗಳು ನಮ್ಮಂಥ ಮನುಷ್ಯರವಲ್ಲ, ನಮಗಿಂತ ಹಿಂದಿನ ಮಾನವ ಜಾತಿಯವು ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಈಗ ಬೇಟೆಯ ಮಾತು. ಇಸಾಂಪುರದಲ್ಲಿ ಸಿಕ್ಕ ಪ್ರಾಣಿಗಳ ಅವಶೇಷ ಯಾವುವು? ಕಾಡುದನದ ಹಲ್ಲು, ಜಿಂಕೆ ಜಾತಿಯ ತುಣುಕು, ಆಮೆಚಿಪ್ಪಿನ ಚೂರು. ಸಾವಿರಾರು ಕಲ್ಲಿನ ನಡುವೆ ಬೊಗಸೆಯಷ್ಟು ಎಲುಬು. ಹತ್ತಿರದ ತೆಗ್ಗಿಹಳ್ಳಿ, ಸದಬದ ಕಡೆ ಆನೆಯ, ದನದ ಹಲ್ಲುಗಳು ಸಿಕ್ಕವು, ಅವನ್ನು ಸುಮಾರು 3 ಲಕ್ಷ ವರ್ಷದ ಹಿಂದಿನವು ಎಂದು ಅಂದಾಜಿಸಿದರು. ಕಲ್ಲುಗೊಡಲಿಯ ಪಕ್ಕ ಆನೆಯ ಹಲ್ಲು ಸಿಕ್ಕಿತೆಂದರೆ ಚಾರ್ಟು ಬರೆಯುವವರಿಗೆ ಅಷ್ಟೇ ಸಾಕು, ಕೂಡಲೇ ಹತ್ತು ಜನ ಸೇರಿ ಆನೆಯನ್ನು ಕೆಡವುತ್ತಾರೆ. ಆದರೆ ಹಲ್ಲು ತನ್ನ ಯಜಮಾನ ಹೇಗೆ ಸತ್ತ ಎಂದು ಹೇಳುವುದಿಲ್ಲ. ಮುಪ್ಪಿನಿಂದ ಸತ್ತಿರಬಹುದು, ಕೆಸರಿನಲ್ಲಿ ಸಿಕ್ಕಿಕೊಂಡಿರಬಹುದು, ಹುಲಿಯ ಬಾಯಿಗೆ ಬಿದ್ದಿರಬಹುದು, ಹಳ್ಳದ ನೀರು ಎಲ್ಲಿಂದಲೋ ಉರುಳಿಸಿ ತಂದಿರಬಹುದು. ಕೊಂದದ್ದು ಮನುಷ್ಯನೇ ಎನ್ನಲು ಎಲುಬಿನ ಮೇಲೆ ಕಲ್ಲಿನ ಅಲಗು ಎಳೆದ ಗೀರು ಬೇಕು, ಆ ಗೀರು ಹುಲಿ–ಕತ್ತೆಕಿರುಬಗಳ ಹಲ್ಲಿನ ಗುರುತಿಗಿಂತ ಮೊದಲು ಬಿದ್ದದ್ದು ಎಂದು ಕಾಣಬೇಕು. ಗೀರು ಕಂಡರೂ ಕೊಯ್ದವರು ಯಾರೆಂದು ತಿಳಿಯುತ್ತದೆ, ಕೊಂದವರು ಯಾರೆಂಬುದಕ್ಕೆ ಇನ್ನೂ ಬೇರೆ ಪುರಾವೆ ಬೇಕು. ಈ ಎರಡು ಮಾತುಗಳ ನಡುವಿನ ದೂರವನ್ನು ಬೇಟೆಯ ಕಥೆಗಾರರು ಒಂದೇ ನೆಗೆತಕ್ಕೆ ದಾಟುತ್ತಾರೆ.

ಪ್ರಾಣಿಸಂಪತ್ತು ಇರಲಿಲ್ಲ ಎಂದಲ್ಲ. ಧಾರಾಳವಾಗಿ ಇತ್ತು. ಭಾರತದಲ್ಲಿ ಹಳೆ ಶಿಲಾಯುಗದ ಆಯುಧವನ್ನು 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಮೊದಲು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಆಮೇಲೆ ಈ ಭಾಗದಲ್ಲೂ ಸುತ್ತಾಡಿದ. ಗೋಕಾಕದ ಬಳಿಯ ಚಿಕ್ಕದೌಲಿಯಲ್ಲಿ ಸಿಕ್ಕ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ಹೊಸ ಜಾತಿಯೆಂದು ವರ್ಣಿಸಿ ‘ರೈನೊಸೆರಸ್ ಡೆಕ್ಕನೆನ್ಸಿಸ್’ ಎಂಬ ಹೆಸರಿಟ್ಟ. ಇಂದಿನ ಬೆಳಗಾವಿ, ವಿಜಯಪುರದ ಕಬ್ಬಿನ ಗದ್ದೆಗಳ ನಾಡಿನಲ್ಲಿ ಖಡ್ಗಮೃಗ ತಿರುಗಾಡಿತ್ತು. ಆನೆ ಇತ್ತು, ನಮ್ಮ ಕಿಲಾರಿ ಎತ್ತಿನ ದೂರದ ಪೂರ್ವಜನ ಕುಲದ ಕಾಡುದನ ಇತ್ತು, ಚಿಗರಿ ಇತ್ತು. ಅವೆಲ್ಲ ಕಣ್ಣೆದುರಿಗೇ ಮೇಯುತ್ತಿದ್ದವು. ಕಣ್ಣೆದುರಿಗಿದ್ದದ್ದೆಲ್ಲ ಹೊಟ್ಟೆಗೆ ಹೋಯಿತೇ ಎಂಬುದು ಪ್ರಶ್ನೆ.

ಇದಕ್ಕೆ ಪದ್ದಯ್ಯನವರು ಹುಡುಕಿದ ಉತ್ತರ ಕಲ್ಲಿನಿಂದಷ್ಟೇ ಬಂದದ್ದಲ್ಲ, ಈ ನೆಲದ ಋತುಗಳಿಂದ ಬಂದದ್ದು. ಈ ಸೀಮೆಯ ಮಳೆ ಮೊದಲೇ ಕಡಿಮೆ, ಅದೂ ಜೂನ್‌ನಿಂದ ಅಕ್ಟೋಬರಿನೊಳಗೆ ಮುಗಿಯುವಂಥದ್ದು. ಮಳೆಗಾಲದಲ್ಲಿ ಎಲ್ಲ ಕಡೆ ನೀರು, ಎಲ್ಲ ಕಡೆ ಹಸಿರು, ಆಗ ಗುಂಪುಗಳು ಕಣಿವೆಯ ತುಂಬ ಚದುರಿ ಬದುಕಬಹುದು. ಬೇಸಿಗೆಯಲ್ಲಿ ಹಳ್ಳಗಳು ಬತ್ತಿ, ಸೆಲೆಯಿಂದ ಜಿನುಗುವ ಕೆಲವೇ ತಾಣಗಳಲ್ಲಿ ನೀರು ಉಳಿಯುತ್ತದೆ. ಹುಣಸಗಿ, ಇಸಾಂಪುರಗಳ ಸುತ್ತ ನೆಲೆಗಳು ಒತ್ತೊತ್ತಾಗಿ ಸಿಗುವುದಕ್ಕೆ ಕಾರಣ ಇಂಥ ಸೆಲೆಗಳು. ಆ ಕಣಿವೆಯಲ್ಲಿ ಇವತ್ತಿಗೂ ಸಿಗುವ ಅಡವಿ ತಿನಿಸುಗಳನ್ನೂ ಅವರು ಹಳ್ಳಿಯವರಿಂದ ಕೇಳಿ ಪಟ್ಟಿ ಮಾಡಿದರು. ಹಣ್ಣು, ಗೆಡ್ಡೆ, ಸೊಪ್ಪು, ಕಾಳು ಸೇರಿ ಹತ್ತಾರು ಬಗೆ. ಮಳೆಗಾಲಕ್ಕೆ ಸಸ್ಯ ಮತ್ತು ಸಣ್ಣ ಜೀವಿ, ಬೇಸಿಗೆಗೆ ನೀರಿನ ಬಳಿ ಬರುವ ದೊಡ್ಡ ಪ್ರಾಣಿ ಎಂಬುದು ಅವರ ಮಾದರಿ. ಅಂದರೆ ದೊಡ್ಡ ಬೇಟೆಯನ್ನು ಪದ್ದಯ್ಯನವರೂ ಒಪ್ಪಿದ್ದರು. ಆದರೆ ಅವರು ಅದಕ್ಕೊಂದು ಋತು ಕೊಟ್ಟರು, ಇಡೀ ಬದುಕನ್ನು ಅದಕ್ಕೆ ಬರೆದುಕೊಡಲಿಲ್ಲ. ಅವರ ಮಾದರಿಯಿಂದ ಬೇಸಿಗೆಯ ಅರ್ಧವನ್ನಷ್ಟೇ ಕತ್ತರಿಸಿಕೊಂಡು ಉಳಿದರ್ಧವನ್ನು ಬಿಸಾಡಿದವರು ಆಮೇಲಿನ ಜನಪ್ರಿಯ ಲೇಖಕರು.

ಬಿಸಾಡಿದ ಅರ್ಧದಲ್ಲೇ ಹೆಚ್ಚಿನ ಊಟ ಇದೆ. ಬಾರಿಹಣ್ಣಿನ ಕಾಲದಲ್ಲಿ ಮಡ್ಡಿಯ ಮೇಲೆ ಒಂದು ಸುತ್ತು ಹಾಕಿ ಬಂದ ಯಾವ ಕುರಿಗಾಹಿ ಹುಡುಗನಿಗೂ ಇದು ಗೊತ್ತು. ಕವಳಿ, ಕಾರೆ, ಅತ್ತಿ, ನೇರಳೆ, ನೆಲ ಕೆದರಿದರೆ ಗೆಡ್ಡೆ, ಪೊದೆ ಬಡಿದರೆ ಮೊಲ, ಬಿಲ ತೋಡಿದರೆ ಉಡ, ಹಳ್ಳದಲ್ಲಿ ಮೀನು, ಏಡಿ, ಆಮೆ, ಮರದ ಮೇಲೆ ಜೇನು, ಮೊದಲ ಮಳೆಗೆ ರೆಕ್ಕೆ ಬಂದು ಏಳುವ ಗೆದ್ದಲು. ಇದಕ್ಕೆ ಈಟಿ ಬೇಡ, ಹತ್ತು ಜನ ಗಂಡಸರು ಕೂಗುತ್ತ ಓಡುವುದೂ ಬೇಡ. ಎಂಟು ವರ್ಷದ ಹುಡುಗಿಯೂ, ಎಂಬತ್ತು ವರ್ಷದ ಮುದುಕಿಯೂ ಮಾಡುವ ಕೆಲಸ. ಆದರೆ ಇದು ಚಿತ್ರಕ್ಕೆ ಒಗ್ಗುವುದಿಲ್ಲ. ಆಮೆ ಹಿಡಿಯುವ ಮುದುಕಿಯನ್ನು ಯಾವ ವರ್ಣಚಿತ್ರಕಾರ ಬರೆದಾನು!

ಇನ್ನೊಂದು ಆಕ್ಷೇಪ ಬರುತ್ತದೆ: ಸಸ್ಯಾಹಾರದ ಸಾಕ್ಷ್ಯ ಎಲ್ಲಿ? ಸಿಕ್ಕಿದ್ದು ಕಲ್ಲು ಮತ್ತು ಎಲುಬು ತಾನೇ? ಸರಿಯಾದ ಪ್ರಶ್ನೆ, ಆದರೆ ಅದು ಬೇಟೆವಾದಿಗಳ ಕಾಲಿಗೇ ಸುತ್ತಿಕೊಳ್ಳುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ವರ್ಷವರ್ಷವೂ ಹೀಗೆ ಹೊರಳುವ ಮಣ್ಣಿನಲ್ಲಿ ಹಣ್ಣಿನ ಸಿಪ್ಪೆ ಎಲ್ಲಿ ಉಳಿದೀತು, ಮರದ ಅಗೆಗೋಲು ಎಲ್ಲಿ ಉಳಿದೀತು? ಎಲುಬೇ ಉಳಿಯುವುದು ಅಪರೂಪ. ಉಳಿದದ್ದು ಕಲ್ಲು. ಕಲ್ಲು ಕಂಡ ಕೂಡಲೇ ಆಯುಧ ಎಂದರು, ಆಯುಧ ಎಂದ ಕೂಡಲೇ ಬೇಟೆ ಎಂದರು. ಟಾಂಜಾನಿಯಾದ ಪೆನಿಂಜ್‌ನಲ್ಲಿ ಸಿಕ್ಕ, ಸುಮಾರು 15 ಲಕ್ಷ ವರ್ಷ ಹಳೆಯ ಕೈಗೊಡಲಿಗಳ ಅಲಗಿನಲ್ಲಿ ಅಂಟಿಕೊಂಡಿದ್ದುದು ಜಾಲಿ ಜಾತಿಯ ಮರದ ಸೂಕ್ಷ್ಮ ಕಣಗಳು. ಅದರಿಂದ ಮರ ಕೆತ್ತಿದ್ದಾರೆ. ಕೆತ್ತಿದ್ದು ಈಟಿಗೋ ಅಗೆಗೋಲಿಗೋ ಎಂದು ಅಲಗು ಹೇಳುವುದಿಲ್ಲ. ಮನೆಯಲ್ಲಿ ಕುಡಗೋಲು ಇದ್ದ ಮಾತ್ರಕ್ಕೆ ಮನೆಯವರೆಲ್ಲ ಬಡಿದಾಟದವರಾಗುತ್ತಾರೆಯೇ?

ಈ ಕೊಲ್ಲುವ ಮನುಷ್ಯನ ಕಥೆಗೆ ಹುಟ್ಟೂರು ಬೇರೆಯೇ ಇದೆ. ದಕ್ಷಿಣ ಆಫ್ರಿಕದ ಅಂಗರಚನಾಶಾಸ್ತ್ರಜ್ಞ ರೇಮಂಡ್ ಡಾರ್ಟ್ ಅಲ್ಲಿನ ಗವಿಗಳಲ್ಲಿ ವಾನರಮಾನವರ ಎಲುಬಿನ ಜೊತೆ ಮುರಿದ ಪ್ರಾಣಿಗಳ ಎಲುಬುಗಳ ರಾಶಿ ಕಂಡು, ಇವರು ಕೊಂದೇ ಬದುಕಿದವರು, ತಮ್ಮವರನ್ನೂ ಬಿಟ್ಟವರಲ್ಲ ಎಂದು 1953ರಲ್ಲಿ ಬರೆದರು. ಅದನ್ನು ನಾಟಕಕಾರ ರಾಬರ್ಟ್ ಆರ್ಡ್ರಿ 1961ರ ತಮ್ಮ ಪುಸ್ತಕದಿಂದ ಮನೆಮನೆಗೆ ತಲುಪಿಸಿದರು. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಸಿನಿಮಾದಲ್ಲಿ ವಾನರನ ಕೈಗೆ ಎಲುಬಿನ ದೊಣ್ಣೆ ಕೊಟ್ಟು ಜಗತ್ತಿಗೆಲ್ಲ ತೋರಿಸಿದರು. ಎರಡು ಮಹಾಯುದ್ಧ ಕಂಡಿದ್ದ ತಲೆಮಾರಿಗೆ ಈ ಕಥೆಯಲ್ಲಿ ಒಂದು ಸಮಾಧಾನ ಸಿಕ್ಕಿರಬೇಕು: ಕೊಲ್ಲುವುದು ಹುಟ್ಟುಗುಣವಾದರೆ ಯಾರನ್ನು ದೂರಬೇಕು?

ಕಥೆಯ ತಳಹದಿ ಕಿತ್ತವರು ಅದೇ ದಕ್ಷಿಣ ಆಫ್ರಿಕದ ಸಿ. ಕೆ. ಬ್ರೇನ್. ಚಿರತೆ, ಕತ್ತೆಕಿರುಬ, ಮುಳ್ಳುಹಂದಿಗಳು ಎಲುಬನ್ನು ಹೇಗೆ ಮುರಿಯುತ್ತವೆ, ಎಲ್ಲಿಗೆ ಎಳೆದೊಯ್ಯುತ್ತವೆ ಎಂದು ವರ್ಷಗಟ್ಟಲೆ ಗಮನಿಸಿ, ಡಾರ್ಟ್ ಕಂಡ ರಾಶಿ ಇಂಥ ಪ್ರಾಣಿಗಳದೇ ಕೆಲಸ ಎಂದು 1981ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಸ್ವಾರ್ಟ್‌ಕ್ರಾನ್ಸ್ ಗವಿಯ ಒಂದು ಎಳೆಯ ತಲೆಬುರುಡೆಯಲ್ಲಿ ಎರಡು ತೂತುಗಳಿವೆ. ಚಿರತೆಯ ಕೆಳದವಡೆಯ ಕೋರೆಹಲ್ಲುಗಳನ್ನು ಹಿಡಿದರೆ ಆ ತೂತುಗಳಲ್ಲಿ ಸರಿಯಾಗಿ ಕೂರುತ್ತವೆ. ಡಾರ್ಟ್ ತಾವೇ 1925ರಲ್ಲಿ ಲೋಕಕ್ಕೆ ಪರಿಚಯಿಸಿದ ಟೌಂಗ್ ಮಗುವನ್ನು ಕೊಂದದ್ದು ದೊಡ್ಡ ಹದ್ದು ಎಂಬ ವಾದವನ್ನು 1995ರಲ್ಲಿ ಇಬ್ಬರು ವಿಜ್ಞಾನಿಗಳು ಮುಂದಿಟ್ಟರು, ಬುರುಡೆಯ ಗುರುತುಗಳು ಅದಕ್ಕೆ ಒಗ್ಗಿದವು. ಬೇಟೆಗಾರ ಎಂದುಕೊಂಡವನು ಬೇಟೆಯಾಗಿದ್ದ. 1966ರಲ್ಲಿ ಷಿಕಾಗೋದಲ್ಲಿ ‘ಬೇಟೆಗಾರ ಮನುಷ್ಯ’ ಎಂಬ ಹೆಸರಿನಲ್ಲೇ ನಡೆದ ದೊಡ್ಡ ವಿಚಾರಸಂಕಿರಣದ ಕಥೆಯೂ ಸ್ವಾರಸ್ಯದ್ದು. ಕಲಹಾರಿಯ ಕುಂಗ್ ಜನರ ಜೊತೆ ಇದ್ದು ಊಟದ ಲೆಕ್ಕ ಇಟ್ಟಿದ್ದ ರಿಚರ್ಡ್ ಲೀ, ಅವರ ಆಹಾರದಲ್ಲಿ ಹೆಚ್ಚಿನ ಪಾಲು ಸಸ್ಯದ್ದು, ಅದನ್ನು ಹೆಚ್ಚಾಗಿ ತರುವವರು ಹೆಂಗಸರು ಎಂದು ಆ ಸಭೆಯಲ್ಲೇ ಹೇಳಿದರು. ಸಭೆಯ ಹೆಸರು ಉಳಿಯಿತು, ಅವರ ಲೆಕ್ಕ ಮರೆತುಹೋಯಿತು.

ಇಷ್ಟು ಓದಿ ಸಸ್ಯಾಹಾರದ ಬಣದವರು ಹಿಗ್ಗಬೇಕಿಲ್ಲ. ಹಳೆಯ ಮನುಷ್ಯ ಸಾತ್ವಿಕ ಆಹಾರಿಯಾಗಿದ್ದ ಎಂದು ಸಾರಲು ಹೊರಟರೆ ಅದು ಇನ್ನೊಂದು ಚಾರ್ಟು. ಮಾಂಸ ತಿಂದಿದ್ದಾರೆ, ಮೂಳೆ ಒಡೆದು ಮಜ್ಜೆ ತಿಂದಿದ್ದಾರೆ. ಟಾಂಜಾನಿಯಾದ ಓಲ್ಡುವಾಯಿಯಲ್ಲಿ 18 ಲಕ್ಷ ವರ್ಷದ ಹಿಂದಿನ ಎಲುಬುಗಳ ಮೇಲೆ ಕಲ್ಲಿನ ಗೀರುಗಳಿವೆ. ಜರ್ಮನಿಯ ಷೋನಿಂಗೆನ್‌ನಲ್ಲಿ 1990ರ ದಶಕದಲ್ಲಿ ಮರದ ಈಟಿಗಳೇ ಸಿಕ್ಕವು, ಸುತ್ತ ಕಾಡುಕುದುರೆಗಳ ಎಲುಬು. ಅವುಗಳ ವಯಸ್ಸು 3 ಲಕ್ಷ ವರ್ಷ ಎಂದಿದ್ದದ್ದು ಈಚೆಗೆ 2 ಲಕ್ಷಕ್ಕೆ ಇಳಿದಿದೆ, ಆದರೂ ಅದು ಸಂಘಟಿತ ಬೇಟೆ ಎನ್ನುವುದರಲ್ಲಿ ಸಂಶಯವಿಲ್ಲ. ಬೇಟೆ ಇತ್ತು. ಅದು ಎಲ್ಲ ಕಾಲಕ್ಕೂ, ಎಲ್ಲ ನೆಲಕ್ಕೂ, ಎಲ್ಲ ದಿನಕ್ಕೂ ಇತ್ತು ಎನ್ನುವುದು ಸುಳ್ಳು. ಗಿಡವೇ ಹಿಮದಡಿ ಮುಚ್ಚಿಹೋಗುವ ಜರ್ಮನಿಯ ಚಳಿಗಾಲದಲ್ಲಿ ಕುದುರೆ ಕೊಲ್ಲದೆ ವಿಧಿಯಿಲ್ಲ. ಕೃಷ್ಣೆಯ ದಂಡೆಯಲ್ಲಿ ಆ ಅನಿವಾರ್ಯ ಇರಲಿಲ್ಲ. ಇನ್ನು ಬೇಟೆ ಗಂಡಸಿನದೇ ಎಂಬ ಮಾತಿಗೂ ಪೆರುವಿನ ವಿಲಾಮಯ ಪಾಚ್‌ಶಾ ಎಂಬಲ್ಲಿ ಸಿಕ್ಕ ಸಮಾಧಿ ಪೆಟ್ಟು ಕೊಟ್ಟಿದೆ. 9,000 ವರ್ಷ ಹಿಂದೆ ಅಲ್ಲಿ ಹೂತ ಹರೆಯದ ಹೆಣ್ಣಿನ ಪಕ್ಕ ಇಟ್ಟಿದ್ದುದು ಈಟಿಮೊನೆ, ಚಾಕು, ಚರ್ಮ ಹದಮಾಡುವ ಕಲ್ಲು. 2020ರಲ್ಲಿ ಅದು ಪ್ರಕಟವಾದಾಗ, ಇದೇ ಸಾಮಾನು ಗಂಡಿನ ಪಕ್ಕ ಸಿಕ್ಕಾಗ ಎಂದೂ ಕೇಳದ ಪ್ರಶ್ನೆಗಳನ್ನು ಹಲವರು ಕೇಳಿದರು.

ಹಳೆಯ ಕಾಲದ ಬಗ್ಗೆ ಒಂದು ತಪ್ಪು ಕಲ್ಪನೆ ಇದ್ದರೆ ಇವತ್ತು ಯಾರ ಗಂಟು ಹೋಯಿತು ಎಂದು ಕೇಳುವವರುಂಟು. ಹೋಗಿದೆ, ಬಡವರ ಗಂಟೇ ಹೋಗಿದೆ.

ವಿಜಯಪುರ ಜಿಲ್ಲೆಯಲ್ಲಿ ಹರಣಶಿಕಾರಿಗಳಿದ್ದಾರೆ. ಚಿಗರಿ ಬೇಟೆಗಾರರು, ಅಡವಿಚಿಂಚರರು, ಫಾಸೆಪಾರ್ಧಿಗಳು ಎಂದೂ ಕರೆಯುತ್ತಾರೆ. ಇವರ ಹಿರಿಯರು ಚಿಗರಿ ಹಿಡಿಯುತ್ತಿದ್ದ ರೀತಿ ಚಾರ್ಟಿನ ಬೇಟೆಗೆ ತದ್ವಿರುದ್ಧ. ನರ ಅಥವಾ ಹುರಿಯಿಂದ ಹೊಸೆದ ಉರುಲುಗಳನ್ನು ಸಾಲಾಗಿ ನೆಲಕ್ಕೆ ಹೂಡುವುದು. ಪಳಗಿಸಿದ ಒಂದು ದನವನ್ನು ಮುಂದೆ ಬಿಟ್ಟು, ಅದರ ಮರೆಯಲ್ಲಿ ಬಗ್ಗಿ, ಅದು ಮೇಯುವ ನಿಧಾನದಲ್ಲೇ ಹಿಂಡಿನ ಹತ್ತಿರ ಸರಿಯುವುದು. ದನ ಕಂಡು ಬೆದರದ ಚಿಗರಿಗಳು ಮೆಲ್ಲಗೆ ಉರುಲಿನ ಕಡೆ ಸರಿಯುತ್ತವೆ. ಕೂಗಾಟವಿಲ್ಲ, ಓಟವಿಲ್ಲ, ಈಟಿಯೂ ಇಲ್ಲ. ಬೇಕಾದದ್ದು ಗಾಳಿಯ ದಿಕ್ಕು, ಪ್ರಾಣಿಯ ಸ್ವಭಾವ, ಗಂಟೆಗಟ್ಟಲೆಯ ತಾಳ್ಮೆ. ಇಂಥ ವಿದ್ಯೆಯುಳ್ಳವರನ್ನು ಬ್ರಿಟಿಷ್ ಸರ್ಕಾರ 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟು ಕಾಯ್ದೆಗಳ ಬಲೆಗೆ ಹಾಕಿತು. ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಸೆಟ್ಲ್‌ಮೆಂಟ್‌ಗಳಾದವು, ಹಾಜರಿ ಹಾಕದೆ ಹೊರಗೆ ಹೋಗುವಂತಿರಲಿಲ್ಲ. 1952ರಲ್ಲಿ ಕಾಯ್ದೆ ಹೋಯಿತು, ಹಣೆಪಟ್ಟಿ ಹೋಗಲಿಲ್ಲ. ಇವತ್ತಿಗೂ ಇವರನ್ನು ಶಿಲಾಯುಗದ ಉಳಿಕೆ ಎಂಬಂತೆ, ಕೊಲ್ಲುವುದು ರಕ್ತದಲ್ಲೇ ಬಂದವರೆಂಬಂತೆ ನೋಡುವ ಕಣ್ಣು ಆ ಚಾರ್ಟಿನಲ್ಲೇ ತರಬೇತಿ ಪಡೆದದ್ದು. ಇಸಾಂಪುರದ ಗಣಿಯವರು ನಮ್ಮ ಜಾತಿಯ ಮನುಷ್ಯರೇ ಅಲ್ಲ. ಅವರಿಗೂ ಹರಣಶಿಕಾರಿಗಳಿಗೂ ಇರುವ ನಂಟು, ಅವರಿಗೂ ವಿಜಯಪುರದ ವಕೀಲರಿಗೂ ಇರುವ ನಂಟಿಗಿಂತ ಒಂದು ಎಳೆ ಹೆಚ್ಚಲ್ಲ.

ಎರಡನೆಯ ನಷ್ಟ ಪ್ರಾಣಿಗಳದು. ಮನುಷ್ಯ ಕಾಲಿಟ್ಟಾಗಿನಿಂದ ಕೊಲ್ಲುತ್ತಲೇ ಬಂದಿದ್ದಾನೆ, ಹಾಗಾಗಿ ಪ್ರಾಣಿ ಅಳಿಯುವುದು ಸಹಜ ಎಂಬ ವಾದ ಇದೇ ಚಿತ್ರದ ಮರಿ. ಲೆಕ್ಕ ಹಾಗಿಲ್ಲ. ಅದ್ವೈತ್ ಜುಕರ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕಳೆದ 50,000 ವರ್ಷಗಳಲ್ಲಿ ಭಾರತ ಉಪಖಂಡದಿಂದ ಪೂರ್ತಿ ಅಳಿದ ದೊಡ್ಡ ಸಸ್ತನಿಗಳು ನಾಲ್ಕು: ಎರಡು ಜಾತಿಯ ಭಾರಿ ಆನೆ, ಒಂದು ನೀರಾನೆ, ಒಂದು ಕಾಡುಕುದುರೆ. ಅದರಲ್ಲಿ ನಮ್ಮ ಜಾತಿಯ ಮನುಷ್ಯನ ಕೈವಾಡ ಇರಬಹುದೆಂದು ಅವರೇ ಹೇಳುತ್ತಾರೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಪ್ರಾಣಿಗಳು ಹೆಚ್ಚುಕಡಿಮೆ ಗುಡಿಸಿಹೋದದ್ದಕ್ಕೆ ಹೋಲಿಸಿದರೆ ಇಲ್ಲಿ ಉಳಿದದ್ದೇ ಬಹಳ. ಆನೆ, ಖಡ್ಗಮೃಗ, ಕಾಟಿ, ಹುಲಿ ಎಲ್ಲವೂ ಇತಿಹಾಸ ಕಾಲದವರೆಗೆ ಬಂದವು. ಲಕ್ಷಾಂತರ ವರ್ಷ ಮನುಷ್ಯಜಾತಿಗಳ ಮಗ್ಗುಲಲ್ಲೇ ಬದುಕಿದ ಪ್ರಾಣಿಗಳು ಹುಷಾರು ಕಲಿತಿದ್ದವು ಎಂಬುದು ಅವರ ವಿವರಣೆ. ಕಲ್ಲುಗೊಡಲಿ ಅಳಿಸದ್ದನ್ನು ಅಳಿಸಿದ್ದು ಕೋವಿ, ಜೀಪು, ನೇಗಿಲು. ಚಿಗರಿಯ ಹಿಂದೆ ಓಡುತ್ತಿದ್ದ ಚೀತಾ 1947ರಲ್ಲಿ ಒಬ್ಬ ಮಹಾರಾಜರ ಗುಂಡಿಗೆ ಬಿದ್ದು, 1952ರಲ್ಲಿ ದೇಶದಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಆ ಮಹಾರಾಜರು ಗವಿಯಲ್ಲಿ ವಾಸಿಸುತ್ತಿರಲಿಲ್ಲ.

ಚಿಗರಿ ಮಾತ್ರ ಇನ್ನೂ ಇದೆ. ಹುಬ್ಬಳ್ಳಿ–ಧಾರವಾಡದಲ್ಲಿ ಸಿಟಿ ಬಸ್ಸಿಗೂ ಅದರ ಹೆಸರಿಟ್ಟಿದ್ದಾರೆ, ಅದರ ನಾಗಾಲೋಟ ಅಷ್ಟು ಮೆಚ್ಚಿಗೆ. ಹೊಲದವರಿಗೆ ಮೆಚ್ಚಿಗೆ ಕಡಿಮೆ. ಮೊಳಕೆ ಬಂದ ತೊಗರಿ, ಶೇಂಗಾ, ಜೋಳಕ್ಕೆ ಹಿಂಡು ಬಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಎಕರೆಗಟ್ಟಲೆ ಬೋಳು. 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿಯಾದ್ದರಿಂದ ಮುಟ್ಟುವಂತಿಲ್ಲ, ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅಲೆಯಬೇಕು. ಚಿಗರಿ ಮೇಯುತ್ತಿದ್ದ ಹುಲ್ಲುಗಾವಲು, ಗೋಮಾಳಗಳನ್ನು ಬಂಜರು ಎಂದು ಬರೆದು ಹರಗಿದ್ದು ಈ ಜಗಳದ ಮೂಲ. ಇದು ಹಳೆಯ ಬೇಟೆಯ ಮುಂದುವರಿಕೆಯಲ್ಲ, ಕಂದಾಯ ದಾಖಲೆಯ ಕರಾಮತ್ತು.

ಬೇಟೆಯಿಂದ ಪಶುಪಾಲನೆ, ಪಶುಪಾಲನೆಯಿಂದ ಬೇಸಾಯ ಎಂಬ ಏಣಿಯ ಕಥೆಯೂ ಇಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಅದೇ ಸುರಪುರ ಸೀಮೆಯ ಬೂದಿಹಾಳದಲ್ಲಿ 1989ರಿಂದ ಪದ್ದಯ್ಯನವರು ಅಗೆದ ಬೂದಿದಿಬ್ಬ, ನಾಲ್ಕು ಸಾವಿರ ವರ್ಷದ ಹಿಂದೆ ದನಗಳನ್ನು ಕೂಡಿಹಾಕಿ ಸಗಣಿ ಸುಟ್ಟ ಜನರದ್ದು. ಅಲ್ಲಿ ದನ ಕೊಯ್ಯುತ್ತಿದ್ದ ಅಂಗಳವೂ ಸಿಕ್ಕಿದೆ, ಸಾಕಿದ ಕುರಿ–ಆಡಿನ ಜೊತೆ ಕಾಡುಪ್ರಾಣಿಗಳ ಎಲುಬೂ ಸಿಕ್ಕಿದೆ. ಹಟ್ಟಿ ಕಟ್ಟಿದ ಮೇಲೂ ಚಿಗರಿ ಹಿಡಿದರು, ಬಾರಿಹಣ್ಣು ಆರಿಸಿದರು. ಬಸವನಬಾಗೇವಾಡಿಯ ಸಂತೆಗೆ ಅಡವಿಯ ಹಣ್ಣು ಬರುವುದು ಇವತ್ತಿಗೂ ನಿಂತಿಲ್ಲ.

ಮೂರನೆಯ ನಷ್ಟ ನೆಲೆಗಳದ್ದೇ, ಅದು ಈಗಲೂ ನಡೆಯುತ್ತಿದೆ. ಆದಿಮಾನವ ಎಂದರೆ ಗವಿ, ಗವಿ ಎಂದರೆ ಬಾದಾಮಿಯ ಕಡೆಯ ಗುಡ್ಡ ಎಂದು ತಿಳಿದವರಿಗೆ ತಮ್ಮ ಹೊಲದ ಬದುವಿನ ಕಲ್ಲು ಕಾಣುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಹುಣಸಗಿ, ಸುರಪುರದ ಕಡೆ ಭತ್ತಕ್ಕೆಂದು ನೆಲ ಸಮ ಮಾಡಿದಾಗ ಜೆಸಿಬಿಯ ಬಾಯಿಗೆ ಹೋದ ಕೈಗೊಡಲಿಗಳಿಗೆ ಲೆಕ್ಕವಿಲ್ಲ. ಈಗ ಆಲಮಟ್ಟಿಯ ಸರದಿ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಏರಿಸಿದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಮುಳುಗುವುದು ಸುಮಾರು 75 ಸಾವಿರ ಎಕರೆ, ಹೆಚ್ಚಿನದು ನದಿದಂಡೆಯ ಮೆಕ್ಕಲು. ಹಳೆಯ ಕಲ್ಲುಗಳೂ, ಒಂದೊಮ್ಮೆ ಉಳಿದಿದ್ದರೆ ಹಳೆಯ ಎಲುಬುಗಳೂ ಇರುವುದು ಇಂಥ ಮೆಕ್ಕಲಿನ ಕೆಳಗಿನ ಗರಸಿನಲ್ಲೇ. ಮುಳುಗಡೆಯ ಪಟ್ಟಿಯಲ್ಲಿ ಮನೆಗೆ ಒಂದು ಕಾಲಂ ಇದೆ, ಬಾವಿಗೆ ಇದೆ, ಮರಕ್ಕೆ ಇದೆ, ಗುಡಿಗೆ ಇದೆ. ಗುಡಿಯಾದರೆ ಕಲ್ಲಿಗೆ ನಂಬರು ಬರೆದು ಬಿಚ್ಚಿ ಬೇರೆ ಕಡೆ ಕಟ್ಟುತ್ತಾರೆ, ಅದನ್ನು ಮಾಡಿಯೂ ತೋರಿಸಿದ್ದಾರೆ. ಗುಡಿಯೂ ಇಲ್ಲದ, ಗವಿಯೂ ಇಲ್ಲದ, ಬರೀ ಕಲ್ಲುಚಕ್ಕೆ ಚೆಲ್ಲಿದ ಗರಸಿಗೆ ಆ ಪಟ್ಟಿಯಲ್ಲಿ ಒಂದು ಕಾಲಂ ಸೇರಿಸಿ, ನೀರು ನಿಲ್ಲಿಸುವ ಮೊದಲು ನಿಡಗುಂದಿಯಿಂದ ಕೊಲ್ಹಾರದ ತನಕ ದಂಡೆಯನ್ನು ನಡೆದು ನೋಡಲು ಪುರಾತತ್ವ ಇಲಾಖೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಡೆಕ್ಕನ್ ಕಾಲೇಜುಗಳಿಗೆ ಎರಡು ಬೇಸಿಗೆ ಸಾಕು.